ಪಾರ್ಕ್ ದೂ-ಮಾನ್ ಯಾರನ್ನು ನೋಡುತ್ತಿದ್ದಾನೆ?

ಕೊರಿಯಾದ ಸಿನಿಮಾಗಳಿಗೆ ಹೊಸಬರಾದವರು 'ಪ್ಯಾರಸೈಟ್' ಮುಗಿಸಿ, ಇನ್ನು ಯಾವುದು ನೋಡಲಿ ಎಂದು ಕೇಳಿದರೆ ನಾನು ಹೇಳುವುದು 'ಮೆಮೊರೀಸ್ ಆಫ್ ಮರ್ಡರ್'. ಅದೇ ನಿರ್ದೇಶಕ ಬೋಂಗ್ ಜೂನ್-ಹೋ, ಅದೇ ನಟ ಸಾಂಗ್ ಕಾಂಗ್-ಹೋ. 2003ರಲ್ಲಿ ಬಂದ ಈ ಚಿತ್ರವನ್ನು ಅಪರಾಧ ತನಿಖೆಯ ಸಿನಿಮಾಗಳ ಮೊದಲ ಸಾಲಿನಲ್ಲಿಡುವವರು ಬಹಳ ಮಂದಿ. ಆದರೂ ಮೊದಲ ಸಲ ನೋಡಿದವರು ಸ್ವಲ್ಪ ಪೆಚ್ಚಾಗಿಯೇ ಎದ್ದು ಬರುತ್ತಾರೆ. "ಕೊಲೆ ಮಾಡಿದವನು ಯಾರು ಅಂತ ಹೇಳಲೇ ಇಲ್ಲವಲ್ಲ? ಕೊನೆಗೆ ಆ ಪೊಲೀಸ್ ನಮ್ಮ ಕಡೆ ಯಾಕೆ ಹಾಗೆ ನೋಡ್ತಾನೆ?" ಈ ಲೇಖನ ಆ ಎರಡು ಪ್ರಶ್ನೆಗಳಿಗಾಗಿ. ಚಿತ್ರದ ಕೊನೆಯನ್ನೇ ಬಿಡಿಸಿ ನೋಡಬೇಕಾದ್ದರಿಂದ ಇಲ್ಲಿ ಗುಟ್ಟು ಉಳಿಯುವುದಿಲ್ಲ. ಇನ್ನೂ ನೋಡಿಲ್ಲದವರು ಮೊದಲು ನೋಡಿ ಬನ್ನಿ, ಲೇಖನ ಎಲ್ಲಿಗೂ ಹೋಗುವುದಿಲ್ಲ.

ಮೊದಲಿಗೆ, ಇದು ನಡೆದ ಕಥೆ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ, ಗ್ಯೊಂಗಿ ಪ್ರಾಂತ್ಯದಲ್ಲಿ ಹ್ವಾಸೋಂಗ್ ಎಂಬ ಪ್ರದೇಶವಿದೆ. ಆಗ ಅಲ್ಲಿ ಹೆಚ್ಚಾಗಿ ಭತ್ತದ ಗದ್ದೆಗಳು, ನಡುವೆ ಅಲ್ಲೊಂದು ಇಲ್ಲೊಂದು ಕಾರ್ಖಾನೆ. 1986ರ ಸೆಪ್ಟೆಂಬರ್‌ನಿಂದ 1991ರ ಏಪ್ರಿಲ್‌ವರೆಗೆ ಅಲ್ಲಿ ಹತ್ತು ಹೆಂಗಸರ ಕೊಲೆಯಾಯಿತು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿ ಇದ್ದಳು, ಎಪ್ಪತ್ತು ದಾಟಿದ ಅಜ್ಜಿಯೂ ಇದ್ದರು. ಪೊಲೀಸರು 20 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಣೆಗೆ ಒಳಪಡಿಸಿದರು. ಚಿತ್ರ ತಯಾರಾಗುವ ಹೊತ್ತಿಗೂ ಸರಣಿಯ ಕೊಲೆಗಾರ ಸಿಕ್ಕಿರಲಿಲ್ಲ. ಈ ಪ್ರಕರಣದ ಮೇಲೆ ಕಿಮ್ ಕ್ವಾಂಗ್-ರಿಮ್ 1996ರಲ್ಲಿ ಬರೆದ ನಾಟಕವೊಂದಿತ್ತು. ಬೋಂಗ್ ಅದನ್ನೂ ತಮ್ಮದೇ ಅಧ್ಯಯನವನ್ನೂ ಸೇರಿಸಿ ಚಿತ್ರಕಥೆ ಕಟ್ಟಿದರು. ಕಥೆ ಮುಗಿದಿಲ್ಲ ಎಂಬುದು ಟಿಕೆಟ್ ಕೊಂಡ ಪ್ರತಿ ಕೊರಿಯನ್ನನಿಗೂ ಗೊತ್ತಿತ್ತು. ಹಾಗಾಗಿ "ಕೊಲೆಗಾರ ಯಾರು" ಎಂಬ ಕುತೂಹಲದ ಮೇಲೆ ಚಿತ್ರ ನಿಲ್ಲುವಂತೆಯೇ ಇರಲಿಲ್ಲ. ಈ ಒಂದು ಸಂಗತಿ ತಿಳಿದಿದ್ದರೆ ಕೊನೆಯ ಮೇಲಿನ ಅರ್ಧ ಅಸಮಾಧಾನ ಕರಗುತ್ತದೆ.

ಹಾಗಾದರೆ ಎರಡು ಗಂಟೆಗೂ ಹೆಚ್ಚು ಹೊತ್ತು ನಮ್ಮನ್ನು ಹಿಡಿದು ಕೂರಿಸುವುದು ಯಾವುದು? ನೋಡುವುದು, ತಿಳಿಯುವುದು ಎಂಬ ಎರಡು ಕೆಲಸಗಳ ನಡುವಿನ ಜಗ್ಗಾಟ.

ಹಳ್ಳಿಯ ಠಾಣೆಯ ಪತ್ತೇದಾರ ಪಾರ್ಕ್ ದೂ-ಮಾನ್‌ನ ಪಾತ್ರ ಸಾಂಗ್ ಕಾಂಗ್-ಹೋ ಅವರದು. ಆರೋಪಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಸಾಕು, ಇವನು ಮಾಡಿದ್ದಾನೋ ಇಲ್ಲವೋ ಎಂದು ಹೇಳಬಲ್ಲೆ ಎಂಬ ನಂಬಿಕೆ ಅವನಿಗೆ. ಅವನ ಕೈಯಲ್ಲಿ ಒಂದು ಪುಸ್ತಕ, ಅದರ ತುಂಬ ಶಂಕಿತರ ಫೋಟೋಗಳು. ಸೋಲ್‌ನಿಂದ ಬಂದು ಸೇರುವ ಸಿಯೋ ತೇ-ಯೂನ್‌ನದು ತದ್ವಿರುದ್ಧ ಸ್ವಭಾವ. ಕಡತ, ವರದಿ, ದಾಖಲೆ: ಕಾಗದ ಸುಳ್ಳು ಹೇಳುವುದಿಲ್ಲ ಎನ್ನುವವನು ಅವನು. ದೂ-ಮಾನ್‌ನ ಜೊತೆಗಾರ ಚೋ ಯೋಂಗ್-ಕೂಗೆ ಕಣ್ಣೂ ಬೇಡ, ಕಾಗದವೂ ಬೇಡ. ಬೂಟುಗಾಲಿನಿಂದ ಒದ್ದು ತಪ್ಪೊಪ್ಪಿಸುವುದೊಂದೇ ಗೊತ್ತು.

ಶುರುವಿನಲ್ಲಿ ಬರುವ ಎರಡನೇ ಶವದ ದೃಶ್ಯವನ್ನು ಎರಡು ಸಲ ನೋಡಿ. ಕ್ಯಾಮೆರಾ ಕತ್ತರಿಸದೆ ದೂ-ಮಾನ್‌ನ ಹಿಂದೆ ಮುಂದೆ ಸುತ್ತುತ್ತದೆ. ಗದ್ದೆಯ ಬದುವಿನ ಮೇಲೆ ಊರಿಗೆ ಊರೇ ನೆರೆದಿದೆ, ಮಕ್ಕಳು ಶವದ ಸುತ್ತ ಓಡಾಡುತ್ತಿದ್ದಾರೆ, ವಿಧಿವಿಜ್ಞಾನದವರು ಇನ್ನೂ ಬಂದಿಲ್ಲ. ಮಣ್ಣಿನಲ್ಲಿ ಒಂದೇ ಒಂದು ಒಳ್ಳೆಯ ಹೆಜ್ಜೆಗುರುತು ಸಿಕ್ಕಿದೆ, ದೂ-ಮಾನ್ ಅದರ ಸುತ್ತ ಗುರುತು ಮಾಡಿಟ್ಟಿದ್ದಾನೆ. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂದು, ನಿಲ್ಲಿಸೋ ನಿಲ್ಲಿಸೋ ಎಂದು ಕೂಗುತ್ತಿದ್ದಂತೆಯೇ, ಅದರ ಮೇಲೆ ಹತ್ತಿ ಹೋಗುತ್ತದೆ. ಬರುವ ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಬದುವಿನಿಂದ ಜಾರಿ ಬೀಳುತ್ತಾರೆ. ನಗು ಬರುತ್ತದೆ, ಬರಬೇಕು. ಆದರೆ ಆ ನಗುವಿನಲ್ಲೇ ಬೋಂಗ್ ಇಡೀ ಚಿತ್ರದ ಸೋಲನ್ನು ಬರೆದಿಟ್ಟಿದ್ದಾರೆ. ವಿಧಿವಿಜ್ಞಾನದ ಮೊದಲ ಕೆಲಸ ಹಗ್ಗ ಕಟ್ಟಿ ಜನರನ್ನು ದೂರ ಇಡುವುದು. ಸ್ಥಳದಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಪ್ರಯೋಗಾಲಯವೂ ಸರಿಪಡಿಸಲಾರದು. ಅಳಿಸಿಹೋದ ಹೆಜ್ಜೆಯ ಜಾಗಕ್ಕೆ ಪೊಲೀಸರು ಏನು ತರುತ್ತಾರೆ ಗಮನಿಸಿ: ಬುದ್ಧಿ ಬೆಳೆಯದ ಹುಡುಗ ಬೇಕ್ ಕ್ವಾಂಗ್-ಹೋನ ಬೂಟಿನಿಂದ ತಾವೇ ಒತ್ತಿದ ಗುರುತು.

ಇನ್ನೊಂದು ಪುಟ್ಟ ಸನ್ನಿವೇಶ ಇದೆ, ಮೊದಲ ನೋಟದಲ್ಲಿ ತಪ್ಪಿಹೋಗುವಂಥದ್ದು. ಠಾಣೆಯಲ್ಲಿ ಇಬ್ಬರು ಯುವಕರು ಪಕ್ಕಪಕ್ಕ ಕೂತಿದ್ದಾರೆ. ಒಬ್ಬ ಅತ್ಯಾಚಾರ ಮಾಡಿದವನು, ಇನ್ನೊಬ್ಬ ಆ ಹುಡುಗಿಯ ಅಣ್ಣ, ಅವನನ್ನು ಹಿಡಿದು ತಂದವನು. ನಿನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದರೆ ಇವರಲ್ಲಿ ಯಾರು ಯಾರು ಹೇಳು ಎಂದು ಮೇಲಧಿಕಾರಿ ದೂ-ಮಾನ್‌ಗೆ ಸವಾಲು ಹಾಕುತ್ತಾನೆ. ದೂ-ಮಾನ್ ದಿಟ್ಟಿಸುತ್ತಾನೆ. ನಾವೂ ದಿಟ್ಟಿಸುತ್ತೇವೆ. ಉತ್ತರ ಕೊಡದೆ ಚಿತ್ರ ಮುಂದಕ್ಕೆ ಹೋಗಿಬಿಡುತ್ತದೆ. ಕೊನೆಯ ನೋಟಕ್ಕೆ ಬೀಜ ಬಿದ್ದದ್ದು ಇಲ್ಲಿ. ಮುಖ ನೋಡಿ ಹೇಳಲು ಆಗುವುದಿಲ್ಲ ಎಂದು ಇಲ್ಲೇ ನಮಗೆ ತೋರಿಸಿಕೊಟ್ಟಾಗಿದೆ, ಆದರೂ ನಾವು ಮುಂದಿನ ಪ್ರತಿ ಮುಖವನ್ನೂ ಅಳೆಯುತ್ತಲೇ ಇರುತ್ತೇವೆ.

ಕಾಲವನ್ನೂ ಸ್ವಲ್ಪ ತಿಳಿದಿರಬೇಕು. ಅದು ಚುನ್ ದೂ-ಹ್ವಾನ್‌ನ ಸೈನಿಕ ಆಡಳಿತದ ಕಾಲ. 1987ರಲ್ಲಿ ಪ್ರಜಾಪ್ರಭುತ್ವಕ್ಕಾಗಿ ಜನ ಬೀದಿಗಿಳಿದಿದ್ದರು. ಚಿತ್ರದಲ್ಲಿ ಮಳೆ ಸುರಿಯುವ ಒಂದು ರಾತ್ರಿ ಇಂದು ಕೊಲೆ ನಡೆಯಬಹುದು, ಗದ್ದೆಗಳನ್ನು ಸುತ್ತುವರಿಯಲು ಪಡೆ ಕಳಿಸಿ ಎಂದು ಕೇಳಿದರೆ, ಎಲ್ಲರೂ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ. ವಾಯುದಾಳಿಯ ಅಣಕು ಕವಾಯತಿಗಾಗಿ ಊರ ದೀಪಗಳೆಲ್ಲ ಆರುತ್ತವೆ, ಆ ಕತ್ತಲಲ್ಲಿ ಒಂದು ಹುಡುಗಿ ಸಾಯುತ್ತಾಳೆ. ಜನರನ್ನು ಕಾಯಬೇಕಾದ ಸರ್ಕಾರವೇ ದೀಪ ಆರಿಸಿ ಕೂತಿತ್ತು ಎಂಬ ಆರೋಪವನ್ನು ಬೋಂಗ್ ಒಂದು ಮಾತೂ ಆಡದೆ ಹೊರಿಸುತ್ತಾರೆ.

ಈಗ ಕೊನೆಯ ಭಾಗಕ್ಕೆ ಬರೋಣ. ಕೊಲೆಗಳು ಮಳೆ ಬರುವ ರಾತ್ರಿಗಳಲ್ಲೇ ನಡೆಯುತ್ತವೆ, ಆ ರಾತ್ರಿಗಳಲ್ಲೆಲ್ಲ ರೇಡಿಯೋದಲ್ಲಿ ಯಾರದೋ ಕೋರಿಕೆಯ ಮೇರೆಗೆ ಒಂದೇ ಹಾಡು ಬರುತ್ತದೆ ಎಂಬ ಸುಳಿವು ಹಿಡಿದು ಪೊಲೀಸರು ಪಾರ್ಕ್ ಹ್ಯುನ್-ಗ್ಯು ಎಂಬ ಯುವಕನ ಬಳಿ ಬರುತ್ತಾರೆ. ಕಾರ್ಖಾನೆಯ ಕಚೇರಿಯಲ್ಲಿ ಕೆಲಸ, ಮೃದುವಾದ ಕೈಗಳು, ಅಲುಗಾಡದ ಮುಖ. ಬದುಕಿ ಉಳಿದಿದ್ದ ಒಬ್ಬ ಹೆಂಗಸು ಹೇಳಿದ್ದೂ ಅದೇ, ಅವನ ಕೈ ಮೆತ್ತಗಿತ್ತು ಎಂದು. ಎಲ್ಲ ಹೊಂದುತ್ತದೆ, ಆದರೆ ಯಾವುದೂ ಪುರಾವೆಯಲ್ಲ. ಕಡೆಗೆ ಒಂದು ಶವದ ಮೇಲೆ ಸಿಕ್ಕ ವೀರ್ಯದ ಮಾದರಿಯನ್ನು ಡಿಎನ್‌ಎ ಪರೀಕ್ಷೆಗೆಂದು ಅಮೆರಿಕಕ್ಕೆ ಕಳಿಸುತ್ತಾರೆ, ಏಕೆಂದರೆ ಕೊರಿಯಾದಲ್ಲಿ ಆ ಸೌಲಭ್ಯ ಇಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಂದಿನ ಪ್ರೇಕ್ಷಕರಿಗೆ ಡಿಎನ್‌ಎ ಎಂದರೆ ಕೊನೆಯ ಮಾತು. ಆದರೆ ಆ ದಿನಗಳಲ್ಲಿ ಅದು ಹಸುಗೂಸು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡದ್ದು 1984ರಲ್ಲಿ. ಅದರ ನೆರವಿನಿಂದ ಸಿಕ್ಕಿಬಿದ್ದ ಮೊದಲ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್‌ಗೆ ಶಿಕ್ಷೆಯಾದದ್ದು 1988ರ ಜನವರಿಯಲ್ಲಿ. ಆ ಪ್ರಕರಣದಲ್ಲಿ ಈ ವಿದ್ಯೆ ಮೊದಲು ಮಾಡಿದ ಕೆಲಸ ಏನು ಗೊತ್ತೇ? ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗನನ್ನು ನಿರಪರಾಧಿ ಎಂದು ತೋರಿಸಿದ್ದು. ಹಳೆಯ ವಿಧಾನಕ್ಕೆ ಸಾಕಷ್ಟು ಪ್ರಮಾಣದ, ಕೆಡದೆ ಉಳಿದ ಮಾದರಿ ಬೇಕಿತ್ತು. ಆಮೇಲೆ ಬಂದ ವಿಧಾನದಲ್ಲಿ ಕಣ್ಣಿಗೆ ಕಾಣದಷ್ಟು ಸಿಕ್ಕರೂ ಅದರ ನಕಲುಗಳನ್ನು ಲಕ್ಷಗಟ್ಟಲೆ ಬೆಳೆಸಿಕೊಳ್ಳಬಹುದು, ಒಂದು ಹನಿ ಹೆಪ್ಪಿನಿಂದ ಪಾತ್ರೆ ತುಂಬ ಮೊಸರಾಗುವ ಹಾಗೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸುರಂಗದ ದೃಶ್ಯ. ಮಳೆ, ರೈಲು ಹಳಿ. ತಾನು ಹಿಂದೊಮ್ಮೆ ಗಾಯಕ್ಕೆ ಪಟ್ಟಿ ಹಚ್ಚಿದ್ದ ಶಾಲಾ ಹುಡುಗಿಯ ಶವ ನೋಡಿ ಬಂದಿರುವ ಸಿಯೋ, ಹ್ಯುನ್-ಗ್ಯುನನ್ನು ಮನಬಂದಂತೆ ಬಡಿಯುತ್ತಿದ್ದಾನೆ. ಕಾಗದವನ್ನು ನಂಬಿದ್ದ ಮನುಷ್ಯ ಈಗ ಕೈಗೆ ಪಿಸ್ತೂಲು ತೆಗೆದುಕೊಂಡಿದ್ದಾನೆ. ಅಷ್ಟರಲ್ಲಿ ಅಮೆರಿಕದ ವರದಿ ಹಿಡಿದು ದೂ-ಮಾನ್ ಓಡಿ ಬರುತ್ತಾನೆ. ಅವನಿಗೆ ಇಂಗ್ಲಿಷ್ ಓದಲು ಬಾರದು, ಸಿಯೋ ಓದುತ್ತಾನೆ. ಮಾದರಿಗಳು ಹೊಂದಿಲ್ಲ, ಇದನ್ನು ಇಟ್ಟುಕೊಂಡು ಇವನೇ ಕೊಲೆಗಾರ ಎನ್ನಲು ಬರುವುದಿಲ್ಲ. ಈ ಕಾಗದ ಸುಳ್ಳು ಎನ್ನುತ್ತಾನೆ ಸಿಯೋ. ಮಾತು ಯಾರ ಬಾಯಿಂದ ಬಂತು ನೋಡಿ! ಅವನ ಗುಂಡಿನಿಂದ ಹ್ಯುನ್-ಗ್ಯುನನ್ನು ಉಳಿಸುವವನು ದೂ-ಮಾನ್, ಹೊಡೆದು ಬಡಿದು ಕೇಸು ಮುಗಿಸುತ್ತಿದ್ದ ಹಳೆಯ ದೂ-ಮಾನ್. ಇಬ್ಬರೂ ಜಾಗ ಬದಲಿಸಿಕೊಂಡಿದ್ದಾರೆ, ಮತ್ತು ಇಬ್ಬರ ಕೈಯಲ್ಲೂ ಏನೂ ಉಳಿದಿಲ್ಲ.

ಆಮೇಲೆ ದೂ-ಮಾನ್ ತನ್ನ ಕೊನೆಯ ಆಯುಧ ಬಳಸುತ್ತಾನೆ. ಹ್ಯುನ್-ಗ್ಯುನ ಮುಖ ಹಿಡಿದು, ನನ್ನ ಕಣ್ಣು ನೋಡು ಎನ್ನುತ್ತಾನೆ. ಬಹಳ ಹೊತ್ತು ನೋಡುತ್ತಾನೆ. "ನನಗೆ ಗೊತ್ತಾಗ್ತಿಲ್ಲ" ಎನ್ನುತ್ತಾನೆ. ಅದರ ಬೆನ್ನಿಗೇ, ಹೊತ್ತು ಹೊತ್ತಿಗೆ ಊಟ ಮಾಡ್ತೀಯಾ ಎಂದು ಕೇಳುತ್ತಾನೆ. ಈ ಮಾತನ್ನು ಹುಟ್ಟಿಸಿದವರು ಸಾಂಗ್ ಕಾಂಗ್-ಹೋ ಅವರೇ, ಚಿತ್ರಕಥೆಯಲ್ಲಿ ಅದು ಇರಲಿಲ್ಲ. ನನಗೆ ಇಡೀ ಚಿತ್ರದ ತಿರುವು ಇದೇ ಎನಿಸುತ್ತದೆ. ಎದುರಿಗಿರುವವನು ಕೊಲೆಗಾರನೂ ಆಗಿರಬಹುದು, ತಾವು ಜಜ್ಜಿಹಾಕಿದ ನಿರಪರಾಧಿಯೂ ಆಗಿರಬಹುದು. ಇಬ್ಬರಿಗೂ ಸಲ್ಲುವ ಮಾತು ಅದೊಂದೇ. ಕೋಪ, ಮರುಕ, ಸೋಲು ಮೂರೂ ಅದರಲ್ಲಿ ಬೆರೆತಿವೆ. ಮುಖ ನೋಡಿ ತೀರ್ಪು ಕೊಡುತ್ತಿದ್ದವನು ಮೊದಲ ಬಾರಿಗೆ ತೀರ್ಪು ಕೊಡಲು ನಿರಾಕರಿಸುತ್ತಾನೆ. ಹ್ಯುನ್-ಗ್ಯು ತತ್ತರಿಸುತ್ತ ಸುರಂಗದ ಕತ್ತಲೆಯೊಳಗೆ ಹೋಗುತ್ತಾನೆ.

ಮುಂದಿನ ದೃಶ್ಯ 2003. ದೂ-ಮಾನ್ ಪೊಲೀಸ್ ಕೆಲಸ ಬಿಟ್ಟಿದ್ದಾನೆ, ಜ್ಯೂಸರ್ ಮಾರುವ ವ್ಯಾಪಾರಿಯಾಗಿದ್ದಾನೆ. ವ್ಯಾನಿನಲ್ಲಿ ಹೋಗುವಾಗ ಪರಿಚಿತ ಗದ್ದೆ ಕಂಡು ಇಳಿಯುತ್ತಾನೆ. 1986ರ ಅಕ್ಟೋಬರ್ 23ರಂದು ಕನ್ನಡಿಯಿಂದ ಬಿಸಿಲು ಹಾಯಿಸಿ ಮೊದಲ ಶವ ನೋಡಿದ ಅದೇ ಮೋರಿ. ಬಗ್ಗಿ ಒಳಗೆ ನೋಡುತ್ತಾನೆ, ಖಾಲಿ. ದಾರಿಯಲ್ಲಿ ಬಂದ ಒಬ್ಬ ಪುಟ್ಟ ಹುಡುಗಿ, ಅಲ್ಲಿ ಏನಿದೆ ಎಂದು ಕೇಳುತ್ತಾಳೆ. ಏನಿಲ್ಲ, ಸುಮ್ಮನೆ ನೋಡುತ್ತಿದ್ದೆ ಎನ್ನುತ್ತಾನೆ. ಹುಡುಗಿಗೆ ವಿಚಿತ್ರ ಎನಿಸುತ್ತದೆ, ಏಕೆಂದರೆ ಸ್ವಲ್ಪ ದಿನದ ಹಿಂದೆ ಇನ್ನೊಬ್ಬರೂ ಹೀಗೇ ಬಗ್ಗಿ ನೋಡುತ್ತಿದ್ದರಂತೆ. ಕೇಳಿದ್ದಕ್ಕೆ, ಬಹಳ ಹಿಂದೆ ಇಲ್ಲಿ ಒಂದು ಕೆಲಸ ಮಾಡಿದ್ದೆ, ನೆನಪಾಗಿ ಬಂದೆ ಎಂದರಂತೆ. ದೂ-ಮಾನ್ ಒಳಗಿನ ಪೊಲೀಸ್ ಎದ್ದು ಕೂರುತ್ತಾನೆ. ಮುಖ ನೋಡಿದೆಯಾ? ಹೇಗಿದ್ದ? ಹುಡುಗಿ ಯೋಚಿಸಿ ಹೇಳುತ್ತಾಳೆ: ಮಾಮೂಲಿ ಮುಖ. ಎಲ್ಲರ ಹಾಗೆ.

ದೂ-ಮಾನ್ ನಿಧಾನವಾಗಿ ಈ ಕಡೆ ತಿರುಗುತ್ತಾನೆ. ಕಣ್ಣು ನೆಟ್ಟಗೆ ಕ್ಯಾಮೆರಾದೊಳಕ್ಕೆ. ಅಲ್ಲಿಗೆ ಮುಗಿಯಿತು.

ಸಿನಿಮಾದಲ್ಲಿ ನಟರು ಕ್ಯಾಮೆರಾವನ್ನು ನೇರ ನೋಡಬಾರದು ಎಂಬುದು ಸಾಮಾನ್ಯ ಕಟ್ಟಳೆ. ನೋಡಿದರೆ, ನೋಡುತ್ತ ಕುಳಿತಿರುವ ನಾವು ಸಿಕ್ಕಿಬೀಳುತ್ತೇವೆ. ಬೋಂಗ್‌ಗೆ ಬೇಕಾಗಿದ್ದದ್ದೂ ಅದೇ, ಆದರೆ ಅವರ ಕಾರಣ ಕೇವಲ ಕಲೆಯದಾಗಿರಲಿಲ್ಲ. ತನ್ನ ಮೇಲೆ ಸಿನಿಮಾ ಬಂದಿದೆ ಎಂದರೆ ಆ ಕೊಲೆಗಾರ ನೋಡದೆ ಇರಲಾರ, ಯಾವುದೋ ಚಿತ್ರಮಂದಿರದ ಯಾವುದೋ ಸೀಟಿನಲ್ಲಿ ಕೂತಿರುತ್ತಾನೆ, ಆಗ ಪತ್ತೇದಾರನ ಕಣ್ಣು ಅವನ ಕಣ್ಣಿಗೆ ಎದುರಾಗಬೇಕು ಎಂಬ ಅರ್ಥದ ಮಾತನ್ನು ಅವರು ಹೇಳಿದ್ದಾರೆ. ಕೊರಿಯಾದಲ್ಲಿ 50 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದ ಚಿತ್ರ ಇದು. ಆ ನೋಟ ಅಷ್ಟೂ ಮುಖಗಳನ್ನು ಹುಡುಕಿ ಹೋಯಿತು.

ಹೊಸಬರಿಗೆ ಯಾರೂ ಹೇಳದ ಒಂದು ಸಂಗತಿ ಇಲ್ಲಿದೆ, ನನ್ನ ಮಟ್ಟಿಗೆ ಕೊನೆಯ ಕೀಲಿಕೈ. ಆಗಿನ ಕೊರಿಯಾದ ಕಾನೂನಿನಲ್ಲಿ ಕೊಲೆಗೂ ಕಾಲಮಿತಿ ಇತ್ತು: 15 ವರ್ಷ. ಅಷ್ಟರೊಳಗೆ ಮೊಕದ್ದಮೆ ಹೂಡದಿದ್ದರೆ ಮುಗಿಯಿತು, ಆಮೇಲೆ ಅಪರಾಧಿಯೇ ಎದುರು ಬಂದು ನಿಂತರೂ ಶಿಕ್ಷೆ ಕೊಡುವಂತಿಲ್ಲ. ಕೊನೆಯ ಕೊಲೆ ನಡೆದದ್ದು 1991ರಲ್ಲಿ. ಚಿತ್ರ ತೆರೆಗೆ ಬಂದಾಗ ಇನ್ನೂ ಸುಮಾರು ಮೂರು ವರ್ಷ ಬಾಕಿ ಇತ್ತು. ಅಂದರೆ ಆ ನೋಟ ಮುಗಿದ ಪ್ರಕರಣದ ನಿಟ್ಟುಸಿರಾಗಿರಲಿಲ್ಲ. ಇನ್ನೂ ತೆರೆದಿದ್ದ ಕಡತದ ಮೇಲೆ ನಡೆಯುತ್ತಿದ್ದ ವಿಚಾರಣೆ ಅದು. ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಊರಿಗೇ ಕೇಳಿದ ಪ್ರಶ್ನೆ. 2006ರ ಏಪ್ರಿಲ್‌ನಲ್ಲಿ ಆ ಅವಧಿ ಮುಗಿಯಿತು. ಮರುವರ್ಷ ಕಾಲಮಿತಿಯನ್ನು 25 ವರ್ಷಕ್ಕೆ ಏರಿಸಿದರು, 2015ರಲ್ಲಿ ಕೊಲೆಗೆ ಅದನ್ನು ಪೂರ್ತಿ ತೆಗೆದುಹಾಕಿದರು. ಹ್ವಾಸೋಂಗ್‌ನ ಕೊಲೆಗಳಿಗೆ ಮಾತ್ರ ಎರಡೂ ತಡವಾಗಿ ಬಂದವು. 2006ರ ನಂತರ ಚಿತ್ರ ನೋಡಿದವರಿಗೆ ಅದೇ ಮುಖದಲ್ಲಿ ಕೈಲಾಗದವನ ನೋವು ಕಂಡಿತು. ಒಂದು ಅಂಗುಲವೂ ಬದಲಾಗದ ಚಿತ್ರ, ಬದಲಾದ ಅರ್ಥ.

ಅಲ್ಲಿಗೂ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೊರಿಯಾದ ಪೊಲೀಸರು ಒಂದು ಹೆಸರು ಹೇಳಿದರು: ಲೀ ಚುನ್-ಜೇ. ಹೆಂಡತಿಯ ತಂಗಿಯನ್ನು 1994ರಲ್ಲಿ ಅತ್ಯಾಚಾರ ಮಾಡಿ ಕೊಂದು, ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವನು. ಕೈದಿಗಳ ಡಿಎನ್‌ಎ ಸಂಗ್ರಹಿಸುವ ಕಾನೂನು ಕೊರಿಯಾದಲ್ಲಿ 2010ರಲ್ಲಿ ಜಾರಿಗೆ ಬಂದಿತ್ತು, ಅವನ ಮಾದರಿಯೂ ಆ ಸಂಗ್ರಹದಲ್ಲಿತ್ತು. ಹಳೆಯ ಪ್ರಕರಣದ ಸಾಕ್ಷ್ಯದ ವಸ್ತುಗಳನ್ನು ಹೊರತೆಗೆದು ಪರೀಕ್ಷಿಸಿದಾಗ 5, 7 ಮತ್ತು 9ನೇ ಕೊಲೆಗಳ ಜಾಗದಲ್ಲಿ ಸಿಕ್ಕ ಕುರುಹು ಅವನದಕ್ಕೆ ಹೊಂದಿತು. ಟ್ರ್ಯಾಕ್ಟರ್ ಅಳಿಸಿದ ಹೆಜ್ಜೆ ನೆನಪಿದೆಯಲ್ಲ? ಎಷ್ಟೋ ಹಾಳಾದ ಆ ತನಿಖೆಯಲ್ಲೂ ಯಾರೋ ಕೆಲವರು ಬಟ್ಟೆಬರೆಗಳನ್ನು ಜೋಪಾನವಾಗಿ ತೆಗೆದಿಟ್ಟಿದ್ದರು. ಮೂವತ್ತು ವರ್ಷದ ನಂತರ ವಿಜ್ಞಾನ ಬೆಳೆದು ಬಂದಾಗ ಪರೀಕ್ಷಿಸಲು ಏನಾದರೂ ಉಳಿದಿದ್ದದ್ದು ಅವರಿಂದ. ಅವರ ಮೇಲೆ ಯಾರೂ ಸಿನಿಮಾ ಮಾಡಿಲ್ಲ.

ಲೀ ಅದೇ ಊರಿನವನು, ಆ ದಿನಗಳಲ್ಲೇ ಪೊಲೀಸರು ಅವನನ್ನು ವಿಚಾರಿಸಿದ್ದರು. ಕೊಲೆಗಾರನ ರಕ್ತ ಬಿ ಗುಂಪಿನದು ಎಂದು ಅವರು ನಂಬಿದ್ದರು, ಲೀಯದು ಓ. ಮಾಮೂಲಿ ಮುಖದ ಆ ಮನುಷ್ಯ ತನಿಖೆಯ ಕಣ್ಣಿಂದ ಜಾರಿಹೋದ. ಸಿಕ್ಕಿದ ಮೇಲೆ 14 ಕೊಲೆಗಳನ್ನು ಒಪ್ಪಿಕೊಂಡ. ಕಾಲಮಿತಿ ಮೀರಿದ್ದರಿಂದ ಅವುಗಳಿಗೆ ಅವನ ಮೇಲೆ ಮೊಕದ್ದಮೆ ನಡೆಸಲಾಗಲಿಲ್ಲ.

ಅವನು ಒಪ್ಪಿಕೊಂಡ ಕೊಲೆಗಳಲ್ಲಿ ಒಂದು ನನ್ನನ್ನು ಬಹಳ ಕಾಡುತ್ತದೆ. 1988ರಲ್ಲಿ ನಡೆದ, ಸರಣಿಯ ಎಂಟನೆಯ ಕೊಲೆ. ಅದನ್ನು ಬೇರೆ ಯಾರೋ ನೋಡಿ ಕಲಿತು ಮಾಡಿದ್ದು ಎಂದು ಪೊಲೀಸರು ತೀರ್ಮಾನಿಸಿ, ಮರುವರ್ಷ ಕೃಷಿ ಯಂತ್ರಗಳ ರಿಪೇರಿ ಮಾಡುತ್ತಿದ್ದ, ಪೋಲಿಯೋದಿಂದ ಕಾಲು ಕುಂಟುವ ಒಬ್ಬ ಯುವಕನನ್ನು ಹಿಡಿದಿದ್ದರು. ನಿದ್ದೆ ಕೊಡದೆ, ಹೊಡೆದು ತಪ್ಪೊಪ್ಪಿಗೆ ಪಡೆದರು. ಜೊತೆಗೆ ಒಂದು ಪ್ರಯೋಗಾಲಯದ ವರದಿ ಇತ್ತು: ಸ್ಥಳದಲ್ಲಿ ಸಿಕ್ಕ ಕೂದಲು ಇವನದೇ ಎಂದು ವಿಕಿರಣ ಪರೀಕ್ಷೆಯ ಆಧಾರದ ಮೇಲೆ ಹೇಳಿದ ವರದಿ. ಅದು ತಪ್ಪಾಗಿತ್ತು. ಆ ಮನುಷ್ಯ ಸುಮಾರು 20 ವರ್ಷ ಜೈಲಿನಲ್ಲಿ ಕಳೆದ. ಮರುವಿಚಾರಣೆ ನಡೆದು ನಿರಪರಾಧಿ ಎಂದು ತೀರ್ಪು ಬಂದದ್ದು 2020ರ ಡಿಸೆಂಬರ್‌ನಲ್ಲಿ. ಸುರಂಗದ ಬಾಯಲ್ಲಿ ಸಿಯೋ, ಕಾಗದ ಸುಳ್ಳು ಎಂದು ಅರಚುವಾಗ ನಮಗೆ ಅವನು ದಾರಿ ತಪ್ಪಿದವನಂತೆ ಕಾಣುತ್ತಾನೆ. ಹ್ವಾಸೋಂಗ್‌ನಲ್ಲಿ ಕಾಗದ ನಿಜವಾಗಿಯೂ ಸುಳ್ಳು ಹೇಳಿತ್ತು, ನ್ಯಾಯಾಲಯಗಳು ಅದನ್ನು ನಂಬಿದ್ದವು. ಈ ಪ್ರಕರಣ ಚಿತ್ರದಲ್ಲಿ ಇಲ್ಲ; ಆದರೆ ಕಣ್ಣು, ಕಾಗದ, ಬೂಟು ಈ ಮೂರೂ ಹೇಗೆ ಒಬ್ಬ ಬಡವನ ಮೇಲೆ ಒಟ್ಟಿಗೆ ಬೀಳಬಲ್ಲವು ಎಂಬುದನ್ನು ಚಿತ್ರ ಬೇಕ್ ಕ್ವಾಂಗ್-ಹೋನ ಕಥೆಯಲ್ಲಿ ತೋರಿಸಿಯಾಗಿತ್ತು.

ಆ ಮರುವಿಚಾರಣೆಯಲ್ಲಿ ಲೀ ಸಾಕ್ಷಿಯಾಗಿ ಬಂದ. 'ಮೆಮೊರೀಸ್ ಆಫ್ ಮರ್ಡರ್' ನೋಡಿದ್ದೀಯಾ ಎಂಬ ಪ್ರಶ್ನೆಗೆ, ನೋಡಿದ್ದೇನೆ, ಸುಮ್ಮನೆ ಒಂದು ಸಿನಿಮಾ ಎಂದು ನೋಡಿದೆ, ಏನೂ ಅನಿಸಲಿಲ್ಲ ಎಂಬಂತೆ ಉತ್ತರಿಸಿದ. 1994ರಿಂದ ಅವನು ಸೆರೆಯಲ್ಲೇ ಇದ್ದ, ಅಂದರೆ ದೂ-ಮಾನ್‌ನ ನೋಟ ಕಡೆಗೂ ಅವನನ್ನು ತಲುಪಿದ್ದು ಜೈಲಿನ ಗೋಡೆಗಳ ಒಳಗೆ. ಕಣ್ಣಿಗೆ ಕಣ್ಣು ಕೊಟ್ಟರೆ ಕೊಲೆಗಾರ ಅಲುಗಾಡುತ್ತಾನೆ ಎಂದು ನಂಬುವವರಿಗೆ ಈ ಉತ್ತರ ಕಹಿ. ದೂ-ಮಾನ್‌ಗೆ ಮಾತ್ರ ಅದು ಹೊಸದಲ್ಲ. ಸುರಂಗದ ಎದುರು ನಿಂತಾಗಲೇ ಅವನು, ನನಗೆ ಗೊತ್ತಾಗ್ತಿಲ್ಲ ಎಂದು ಒಪ್ಪಿಕೊಂಡವನು.

ಇದಾದ ಮೇಲೆ ಡೇವಿಡ್ ಫಿಂಚರ್ ಅವರ 'ಝೋಡಿಯಾಕ್' (2007) ನೋಡಿ. ಅದೂ ಬಗೆಹರಿಯದ ನಿಜ ಕೊಲೆಗಳ ಕಥೆ, ಅಲ್ಲೂ ಬೆರಳಚ್ಚು, ಕೈಬರಹಗಳ ವರದಿಗಳು ಶಂಕಿತನಿಗೆ ಹೊಂದುವುದಿಲ್ಲ. ಅದರ ಕೊನೆಯ ಭಾಗದಲ್ಲಿ ವರ್ಷಗಟ್ಟಲೆ ಹುಡುಕಿದವನು ಒಂದು ಅಂಗಡಿಗೆ ಹೋಗಿ, ಅಲ್ಲಿ ಕೆಲಸಕ್ಕಿರುವ ಶಂಕಿತನ ಮುಖವನ್ನು ಸುಮ್ಮನೆ ನಿಂತು ನೋಡುತ್ತಾನೆ. ಅವನಿಗೆ ನೋಡಲು ಒಂದು ಮುಖವಾದರೂ ಸಿಕ್ಕಿತ್ತು. ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದರೆ, ದೂ-ಮಾನ್ ನಮ್ಮ ಕಡೆಗೇ ತಿರುಗಬೇಕಾಗಿ ಬಂದದ್ದು ಏಕೆ ಎಂದು ಇನ್ನಷ್ಟು ಸ್ಪಷ್ಟವಾಗುತ್ತದೆ.